ನೇಪಾಳಕ್ಕೆ ಹೊರಟ ಗಾಡಿಯ ಮುಂದಿನ ಚಕ್ರ

ಬಾಬುರಾಯನಕೊಪ್ಪಲು, ಗುರುವಾರ

ವಿದೇಶಕ್ಕೆ ಹೋಗಿ ಬಂದವರ ಬರಹ ಸಾಮಾನ್ಯವಾಗಿ ವಿಮಾನದ ಕಿಟಕಿಯಿಂದ ಶುರುವಾಗುತ್ತದೆ. ಕೆಳಗೆ ಮೋಡ, ಪಕ್ಕದಲ್ಲಿ ಗೊರಕೆ ಹೊಡೆಯುವ ಸಹಪ್ರಯಾಣಿಕ, ಮುಂದೆ ಅಂಗೈ ಅಗಲದ ತಟ್ಟೆಯಲ್ಲಿ ಊಟ. ನನ್ನದು ಕೆಸರಿನಿಂದ ಶುರುವಾಗುತ್ತದೆ. ನಾವು ನೇಪಾಳಕ್ಕೆಂದು ಹೊರಟು ಮೊದಲ ಐದು ದಿನ ಮಂಡ್ಯ ಜಿಲ್ಲೆಯನ್ನೇ ದಾಟಲಿಲ್ಲ. ಅದನ್ನೂ ಪ್ರವಾಸದ ಲೆಕ್ಕಕ್ಕೆ ಸೇರಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಆ ಐದು ದಿನದಲ್ಲಿ ನಾನು ಕಂಡಷ್ಟು ವಿಚಿತ್ರ ಜನರನ್ನು ಹಿಮಾಲಯದಲ್ಲೂ ಕಾಣಲಿಲ್ಲ.

ನಮ್ಮದು ತರಕಾರಿ ಸಸಿ ಬೆಳೆಸಿ ಮಾರುವ ಕಸುಬು. ಟೊಮೆಟೊ, ಬದನೆ, ಹೂಕೋಸು. ಸಸಿಗಳಿಗೆ ಭಾನುವಾರ, ಹಬ್ಬ, ಮದುವೆ ಏನೂ ಗೊತ್ತಿಲ್ಲ, ದಿನಕ್ಕೆರಡು ಸಲ ನೀರು ಕೇಳುತ್ತವೆ. ಹೀಗಾಗಿ ಐವತ್ತೊಂದು ವರ್ಷದಲ್ಲಿ ನಾನು ಮನೆ ಬಿಟ್ಟು ಮೂರು ರಾತ್ರಿಗಿಂತ ಹೆಚ್ಚು ಇದ್ದದ್ದು ಆಸ್ಪತ್ರೆಯಲ್ಲಿ ಮಾತ್ರ, ಅದೂ ಹೆರಿಗೆಗೆ. ಬೆಳ್ಳೂರು ಕ್ರಾಸಿನಲ್ಲಿ ಹೋಟೆಲು ನಡೆಸುವ ನನ್ನ ತಮ್ಮ ಮಹೇಶ, ಮೂರು ಗಾಡಿ ಮಾಡಿಕೊಂಡು ನೇಪಾಳದ ಮುಕ್ತಿನಾಥಕ್ಕೆ ಹೋಗೋಣ ಎಂದಾಗ ನಾನು ಎರಡನೇ ಮಾತಾಡಲಿಲ್ಲ. ಇಪ್ಪತ್ತೈದು ದಿನ ಸಸಿಗಳಿಗೆ ನೀರು ಹಾಕಲು ನಮ್ಮ ಓರಗಿತ್ತಿಯ ಕಾಲು ಹಿಡಿಯುವುದೊಂದು ಬಾಕಿ ಇತ್ತು, ಅದನ್ನೂ ಹೆಚ್ಚುಕಡಿಮೆ ಮಾಡಿದೆ. ಈ ಸಲ ಹೋಗದಿದ್ದರೆ ಜನ್ಮದಲ್ಲಿ ಹೋಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಮಹೇಶನ ಷರತ್ತು ಒಂದೇ. ಮುಕ್ತಿನಾಥದ ದಾರಿಯಲ್ಲಿ ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವಂತೆ. ನಾಲ್ಕೂ ಚಕ್ರ ಎಳೆಯುವ ಗಾಡಿ ಇದ್ದವರು ಮಾತ್ರ ಬರಬೇಕು. ಅದಕ್ಕೆ ನಮ್ಮ ಯಜಮಾನರು ಮೀಸೆಯ ಮೇಲೆ ಕೈಯಿಟ್ಟು, "ಲೇ ಮಹೇಸ, ನಿನ್ ಗಾಡಿ ಉಟ್ಟೋಕೂ ಮುಂಚೆಯಿಂದ ನಮ್ದು ಫೋರ್ವೀಲು ಕಣ್ಲಾ," ಎಂದಿದ್ದರು. ನಮ್ಮ ಪಿಕಪ್ಪು ಇಪ್ಪತ್ತೆರಡು ವರ್ಷದ್ದು. ಎಸ್ಟೇಟೊಂದರಿಂದ ಇವರು ಕೊಂಡು ತಂದು ಹದಿನೈದು ವರ್ಷವಾಯಿತು. ದೊಡ್ಡ ಗೇರಿನ ಕೋಲಿನ ಪಕ್ಕದಲ್ಲೇ ಒಂದು ಗಿಡ್ಡ ಕೋಲು ಇದೆ. ಅದನ್ನು ಹಿಂದಕ್ಕೆ ಎಳೆದರೆ ಮುಂದಿನ ಚಕ್ರಗಳಿಗೂ ಎಂಜಿನ್ನಿನ ಬಲ ಹೋಗಬೇಕು. ಆ ಗಾಡಿ ಯಾವ ಯಾವ ಗದ್ದೆಯಿಂದ ಯಾರ ಯಾರ ಟ್ರಾಕ್ಟರನ್ನು ಎಳೆದು ಹಾಕಿತು ಎಂಬ ಕಥೆಗಳು ನಮ್ಮ ನೆಂಟರಿಷ್ಟರಿಗೆಲ್ಲ ಬಾಯಿಪಾಠ, ಅದರಲ್ಲೂ ನಮ್ಮೂರ ಪಟೇಲರ ಟ್ರಾಕ್ಟರಿನದು.

ಗುರುವಾರ ಬೆಳಿಗ್ಗೆ ಗಾಡಿಗೆ ಅಕ್ಕಿ, ಸ್ಟೌವು, ಹಾಸಿಗೆ, ಉಪ್ಪಿನಕಾಯಿ ಎಲ್ಲ ತುಂಬಿ ನಾಲೆ ಪಕ್ಕದ ದಾರಿಯಲ್ಲಿ ಹಿಂದಕ್ಕೆ ತೆಗೆದರೆ ಹಿಂದಿನ ಚಕ್ರ ಕೆಸರಿಗೆ ಇಳಿಯಿತು. "ಫೋರ್ವೀಲ್ ಹಾಕ್ರೀ," ಎಂದೆ. ಇವರು ಹಲ್ಲು ಕಚ್ಚಿ ಗಿಡ್ಡ ಕೋಲು ಎಳೆದರು. ಹಿಂದಿನ ಚಕ್ರಗಳು ಗಿರಗಿರ ತಿರುಗಿ ನನ್ನ ಹೊಸ ಸೀರೆಗೆ ಕೆಸರು ಎರಚಿದವು. ಮುಂದಿನ ಎರಡು ಚಕ್ರ ಮಾತ್ರ ಅತ್ತೆ ಮನೆಗೆ ಬಂದ ಹೊಸ ಅಳಿಯನ ಹಾಗೆ ಸುಮ್ಮನೆ ನಿಂತಿದ್ದವು. ಕೊನೆಗೆ ಪಕ್ಕದ ಮನೆಯ ಟ್ರಾಕ್ಟರೇ ಬಂದು ನಮ್ಮನ್ನು ಎಳೆಯಬೇಕಾಯಿತು.

ಫೋನಿನಲ್ಲಿ ಮಹೇಶ ಖಡಾಖಂಡಿತವಾಗಿ ಹೇಳಿದ: "ಅಕ್ಕ, ಬಾನುವಾರ ಎಂಟ್ ಗಂಟೆಗೆ ಬೆಳ್ಳೂರಿಂದ ಒಂಟೋಯ್ತೀವಿ. ಅಷ್ಟ್ರೊಳ್ಗೆ ರಿಪೇರಿ ಮಾಡ್ಸ್ಕ ಬಾ. ನಡುದಾರೀಲಿ ನಿಂತ್ಕಂಡ್ರೆ ಅನ್ನೊಂದ್ ಜನಕ್ಕೂ ತೊಂದ್ರೆ. ಇಲ್ದಿದ್ರೆ ನೀವು ಬರೋದೇ ಬ್ಯಾಡ, ಬೇಜಾರ್ ಮಾಡ್ಕಬ್ಯಾಡ."

"ಅದ್ಕೇನೀಗ, ಪಾಂಡವಪುರದಲ್ಲಿ ತೋರ್ಸ್ಬುಡಾನ ಬುಡು," ಎಂದರು ಇವರು. ಅವರ ದನಿ ಯಾಕೋ ಬಹಳ ಮೆತ್ತಗಿತ್ತು.

ಪಾಂಡವಪುರ, ಅದೇ ದಿನ

ಪರದೇಶಕ್ಕೆ ಕಾಲಿಟ್ಟಾಗ ಮೊದಲು ತಿಳಿಯುವುದು ಮೂಗಿಗಂತೆ. ಪಾಂಡವಪುರದ ಹತ್ತಿರ ಬರುತ್ತಲೇ ಆಲೆಮನೆಯ ಬೆಲ್ಲದ ಹೊಗೆ ಬಂತು. ಇಲ್ಲಿಯ ಜನ ಕಬ್ಬಿನ ಗಾಡಿ ಎದುರು ಬಂದರೆ ದಾರಿ ಬಿಡುವುದಿಲ್ಲ, ಎರಡು ಜಲ್ಲೆ ಕಿತ್ತುಕೊಂಡು ಆಮೇಲೆ ಬಿಡುತ್ತಾರೆ. ನಮ್ಮೂರಲ್ಲಿ ಹಾಗಿಲ್ಲ ಎಂದು ಬರೆಯುವ ಆಸೆ. ಆದರೆ ನಮ್ಮೂರಲ್ಲೂ ಹಾಗೇ.

ಖಲೀಲ್ ಸಾಬರು ನಮ್ಮವರ ಹಳೆಯ ಸ್ನೇಹಿತರು, ಅರವತ್ತು ದಾಟಿದ ಮೆಕ್ಯಾನಿಕ್ಕು. ನಾನು ಇದ್ದದ್ದೆಲ್ಲ ವಿವರವಾಗಿ ಹೇಳಿದೆ. ಅವರು ಸೊಂಟದ ಮೇಲೆ ಕೈಯಿಟ್ಟು ಗಾಡಿಯ ಕಡೆ ಬಗ್ಗಿದರು. ಅರ್ಧ ಬಗ್ಗಿದವರು ಹಾಗೇ ನಿಂತು ನಮ್ಮವರ ಮುಖ ನೋಡಿದರು. "ಅರೆ ಅಣ್ಣಾ, ಇದ್ರದ್ದು..."

ನಮ್ಮವರಿಗೆ ಆಗ ಎಲ್ಲಿತ್ತೋ ಕೆಮ್ಮು. ಕೆಮ್ಮುತ್ತಲೇ ಸಾಬರ ಹೆಗಲ ಮೇಲೆ ಕೈಹಾಕಿ ಟೀ ಅಂಗಡಿಗೆ ಕರೆದುಕೊಂಡು ಹೋದರು. ಇಲ್ಲಿಯ ಪದ್ಧತಿಯನ್ನು ನಾನು ಪ್ರವಾಸಕ್ಕೆಂದು ತಂದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ: ಈ ಸೀಮೆಯ ಮೆಕ್ಯಾನಿಕ್ಕುಗಳು ರೋಗಿಯನ್ನು ನೋಡಿದ ಕೂಡಲೇ ರೋಗದ ಹೆಸರು ಹೇಳುವುದಿಲ್ಲ, ಟೀ ಕುಡಿದ ಮೇಲೆ ಹೇಳುತ್ತಾರೆ.

ಅರ್ಧ ಗಂಟೆಯ ಮೇಲೆ ಬಂದ ಸಾಬರು ನನ್ನ ಮುಖ ನೋಡದೆ ಚಕ್ರದ ಮುಖ ನೋಡಿಕೊಂಡು ಹೇಳಿದರು. "ಅಮ್ಮಾ, ಹಬ್ ಲಾಕ್ ಜಾಮ್ ಆಗೈತೆ. ಬಿಲ್ಕುಲ್ ಜಾಮ್."

ಹಬ್ ಲಾಕ್ ಎಂದರೆ ಮುಂದಿನ ಚಕ್ರದ ನಡುವೆ ಇರುವ ಗುಂಡನೆಯ ತಿರುಪು. ಅದನ್ನು ತಿರುಗಿಸಿದರೆ ಚಕ್ರ ತನ್ನ ಹಿಂದಿನ ಸಲಾಕೆಯನ್ನು ಹಿಡಿದುಕೊಳ್ಳುತ್ತದೆ, ಇಲ್ಲದಿದ್ದರೆ ಚಕ್ರದ ಪಾಡಿಗೆ ಚಕ್ರ, ಸಲಾಕೆಯ ಪಾಡಿಗೆ ಸಲಾಕೆ. ಸಾಬರು ಎರಡಕ್ಕೂ ಸುತ್ತಿಗೆಯಲ್ಲಿ ಕುಟ್ಟಿ, ತಿರುಗಿಸಿ, "ಈಗ್ ಸ್ವಲ್ಪ ಲೂಸ್ ಆಯ್ತು. ಆದ್ರೂ ಪೂರಾ ಸರಿ ಮಾಡಾಕೆ ಕೇಪೇಟೆ ತಮ್ಮಣ್ಣನೇ ಬೇಕು," ಎಂದು ಕೈತೊಳೆದರು. ಅವರ ಕೈ ತೊಳೆಯುವಷ್ಟು ಕೊಳೆಯೇ ಆಗಿರಲಿಲ್ಲ. ಅದನ್ನು ಅವತ್ತೇ ಗಮನಿಸಬೇಕಿತ್ತು, ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ರಾತ್ರಿ ಮನೆಗೇ ವಾಪಸ್ಸು ಬಂದು ಮಲಗಿದೆವು. ವಿದೇಶ ಪ್ರವಾಸದ ಮೊದಲ ರಾತ್ರಿಯನ್ನು ನಾನು ನನ್ನ ಸ್ವಂತ ಹಾಸಿಗೆಯಲ್ಲಿ ಕಳೆದೆ. ಓರಗಿತ್ತಿ ಬಂದು, "ಏನಕ್ಕಾ, ನೇಪಾಳ ಎಂಗಿತ್ತು?" ಎಂದು ಕೇಳಿ ಹೋದಳು.

ಅಕ್ಕಿಹೆಬ್ಬಾಳು, ಶುಕ್ರವಾರ

ನಮ್ಮ ಕಡೆಯವರ ಬಾಯಲ್ಲಿ ಕೇಪೇಟೆಯಾದ ಕೆ.ಆರ್.ಪೇಟೆಗೆ ಹೋಗುವ ದಾರಿಯಲ್ಲಿ ಅಕ್ಕಿಹೆಬ್ಬಾಳಿನ ಹತ್ತಿರ ಹೇಮಾವತಿಯ ದಡದಲ್ಲಿ ಒಳ್ಳೆ ಮರಳು ಕಂಡಿತು. ಸಾಬರ ಸುತ್ತಿಗೆಯ ಚಿಕಿತ್ಸೆ ಎಷ್ಟು ಹತ್ತಿದೆ ನೋಡೇಬಿಡೋಣ ಎಂದು ನಾನೇ ಹಠ ಮಾಡಿದೆ. ಇವರು ಬೇಡ ಬೇಡ ಎಂದರು. ಹಸಿವು ಎಂದರು, ಬಿಸಿಲು ಎಂದರು, ಇವತ್ತು ಶುಕ್ರವಾರ ಎಂದರು. ಶುಕ್ರವಾರಕ್ಕೂ ಮರಳಿಗೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಗಾಡಿಯನ್ನು ಮರಳಿನ ಕಡೆ ತಿರುಗಿಸಿದರು.

ಇಳಿಸಿದರು. ಗಾಡಿ ಹದಿನೈದು ಮಾರು ಹೋಗಿ ನಿಂತಿತು. ಗಿಡ್ಡ ಕೋಲು ಎಳೆದರು. ಹಿಂದಿನ ಚಕ್ರಗಳು ಬಾವಿ ತೋಡಲು ಶುರು ಮಾಡಿದವು. ಮುಂದಿನವು ಕದಲಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಮರಳ ಮೇಲೆ ಕೂತು, "ನಂಗೊತ್ತು ಕಣ್ರೀ, ನನ್ ಅಣೇಲಿ ಬರೆದಿಲ್ಲ. ಓಗದೇ ಇಲ್ಲ ನಾವು. ನಾನು ಟೊಮೆಟೊಗೆ ನೀರ್ ಉಯ್ಕಂಡೇ ಸಾಯ್ತೀನಿ," ಎಂದುಬಿಟ್ಟೆ. ಇವರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನದಿಯ ಕಡೆ ನೋಡುತ್ತ, "ಇಂಗ್ ಮಾತಾಡ್ಬ್ಯಾಡ ಕಣೆ. ನಾನೊಂದ್ ಮಾತು..." ಎಂದು ನಿಲ್ಲಿಸಿದರು.

ಅಷ್ಟರಲ್ಲಿ ಒಬ್ಬ ಹಿರಿಯರು ಜೋಡೆತ್ತು ಹೊಡೆದುಕೊಂಡು ಬಂದರು. ಏನೂ ಕೇಳದೆ ಹಗ್ಗ ಬಿಚ್ಚಿ ಗಾಡಿಗೆ ಕಟ್ಟಿದರು. ಈ ಕಡೆಯ ಜನರನ್ನು ನೆರವು ಕೇಳುವ ಅಗತ್ಯವಿಲ್ಲ, ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ. ಎತ್ತುಗಳು ನಮ್ಮನ್ನು ದಡಕ್ಕೆ ತಂದು ಹಾಕಿದ ಮೇಲೆ ಆ ಹಿರಿಯರು ಕೇಳಿದರು. "ಎಲ್ಲೀಗಂಟ ಒಂಟ್ರಿ?"

"ನೇಪಾಳಕ್ಕೆ," ಎಂದೆ.

ಅವರು ಗಾಡಿಯನ್ನು ಮುಂದಿನಿಂದ ಹಿಂದಕ್ಕೆ ನೋಡಿದರು, ಹಿಂದಿನಿಂದ ಮುಂದಕ್ಕೆ ನೋಡಿದರು. "ಇದ್ರಲ್ಲಾ?" ಎಂದರು. ಆಮೇಲೆ ಎತ್ತು ಹೊಡೆದುಕೊಂಡು ಹೋದರು. ಯಜಮಾನರು ಹೇಳಬೇಕೆಂದಿದ್ದ ಮಾತು ಏನೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕೆ.ಆರ್.ಪೇಟೆ, ಶುಕ್ರವಾರ ಮಧ್ಯಾಹ್ನ

ನಮ್ಮ ಶ್ರೀರಂಗಪಟ್ಟಣದ ಕಡೆ ಅಪರಿಚಿತರು ಸಿಕ್ಕರೆ ಊಟ ಆಯ್ತಾ ಎಂದು ಕೇಳುತ್ತಾರೆ. ಕೆ.ಆರ್.ಪೇಟೆಯಲ್ಲಿ ಹಾಗಲ್ಲ, "ನೀವು ಯಾರ್ ಕಡೆಯೋರು?" ಎಂದು ಕೇಳುತ್ತಾರೆ. ಮೆಕ್ಯಾನಿಕ್ ತಮ್ಮಣ್ಣ ಸ್ಪ್ಯಾನರು ಕೈಗೆತ್ತಿಕೊಳ್ಳುವ ಮೊದಲು ಕಾಲು ಗಂಟೆ ವಿಚಾರಣೆ ನಡೆಸಿ, ನನ್ನ ಸೋದರತ್ತೆಯ ನಾದಿನಿ ಅವನ ದೊಡ್ಡಮ್ಮನ ಸೊಸೆ ಎಂದು ಕಂಡುಹಿಡಿದ. ಅಲ್ಲಿಗೆ ರಾತ್ರಿ ಉಳಿಯುವ ಜಾಗ ಸಿಕ್ಕಿತು, ಮುದ್ದೆಗೆ ಕೋಳಿ ಸಾರೂ ಖಾತ್ರಿಯಾಯಿತು.

ತಮ್ಮಣ್ಣ ಮಾತಿನ ಮಲ್ಲ. "ಅಕ್ಕ, ಫೋರ್ವೀಲ್ ಪರೀಕ್ಸೆ ಮಾಡದು ಬೋ ಸುಲ್ಬ. ಮುಂದಿನ ಒಂದ್ ಚಕ್ರ ಜಾಕಲ್ಲಿ ಎತ್ತು. ಗಿಡ್ಡ್ ಕೋಲು ಎಳಿ, ಗೇರಲ್ಲಿ ಆಕು, ಎಂಜಿನ್ ಆಫ್ ಇರ್ಲಿ. ಎತ್ತಿರೋ ಚಕ್ರನ ಕೈಯಲ್ಲಿ ತಿರುಗ್ಸು. ಎಲ್ಲಾ ಸರಿಗಿದ್ರೆ ಅದು ತಿರುಗಕ್ಕಿಲ್ಲ, ಬಿಗಿಯಾಗಿ ಇಡ್ಕತದೆ. ಸುಮ್ನೆ ತಿರುಗ್ತು ಅಂದ್ರೆ ಎಲ್ಲೋ ಕೊಂಡಿ ತಪ್ಪೋಗೈತೆ ಅಂತ..." ಎನ್ನುತ್ತ ಗಾಡಿಯ ಕಡೆ ಬಗ್ಗಿದವನು ಸಾಬರ ಹಾಗೇ ಅರ್ಧಕ್ಕೆ ನಿಂತ.

ನಮ್ಮವರಿಗೆ ಮತ್ತೆ ಕೆಮ್ಮು ಬಂತು. ಇಬ್ಬರೂ ಟೀ ಅಂಗಡಿಗೆ ನಡೆದರು.

ನನಗೆ ಟೀ ಕುಡಿಯುವ ಆಸೆ ಇರಲಿಲ್ಲ. ಸಸಿ ಹೊತ್ತು ತಿರುಗುವಾಗ ಆ ಗಾಡಿಯನ್ನು ನಾನೂ ಓಡಿಸಿದ್ದೇನೆ, ಅದರ ಪಂಚರು ಚಕ್ರ ನಾನೇ ಎಷ್ಟೋ ಸಲ ಬದಲಾಯಿಸಿದ್ದೇನೆ. ಸೆರಗು ಸಿಕ್ಕಿಸಿ ಜಾಕು ತೆಗೆದೆ. ತಮ್ಮಣ್ಣ ಹೇಳಿದ ಹಾಗೇ ಮಾಡಿ ಚಕ್ರಕ್ಕೆ ಕೈಹಾಕಿದರೆ ಅದು ಬುಗುರಿಯ ಹಾಗೆ ತಿರುಗಿತು. ಇಣುಕಿ ನೋಡಿದೆ. ಚಕ್ರದ ಜೊತೆ ಅದರ ಹಿಂದಿನ ಸಲಾಕೆಯೂ ತಿರುಗುತ್ತಿತ್ತು. ಹಾಗಾದರೆ ಹಬ್ ಲಾಕ್ ಸರಿಯಾಗೇ ಹಿಡಿದುಕೊಂಡಿದೆಯಲ್ಲ! ಸಾಬರು ಹೇಳಿದ ರೋಗ ಗಾಡಿಗೆ ಇರಲೇ ಇಲ್ಲ. ಜೀವನದಲ್ಲಿ ಮೊದಲ ಸಲ ಒಬ್ಬ ಮೆಕ್ಯಾನಿಕ್ಕಿನ ತಪ್ಪು ಕಂಡುಹಿಡಿದ ಖುಷಿಗೆ ನಾನು ಚಕ್ರವನ್ನು ಇನ್ನೂ ನಾಲ್ಕು ಸುತ್ತು ತಿರುಗಿಸಿದೆ.

ಟೀ ಮುಗಿಸಿ ಬಂದ ತಮ್ಮಣ್ಣನಿಗೆ ಇದನ್ನು ಹೇಳಿದರೆ ಅವನ ಮುಖ ಸಪ್ಪಗಾಯಿತು. "ಊಂ ಅಕ್ಕ, ಅಬ್ ಲಾಕ್ ಅಲ್ಲ. ಅದು... ಒಳಗಡೆ ಗೇರಿನ ಪೆಟ್ಟಿಗೇಲಿ ಫೋರ್ಕು ಸವ್ದೋಗೈತೆ. ಕೋಲು ಎಳುದ್ರೂ ಒಳ್ಗೆ ಕಚ್ಕತಿಲ್ಲ. ಅದ್ನ ನಾಗಮಂಗಲದ ಕೆಂಪರಾಜನೇ ನೋಡ್ಬೇಕು," ಎಂದ. ಹೇಳುವಾಗ ಅವನೂ ನನ್ನನ್ನು ಬಿಟ್ಟು ಬೇರೆಲ್ಲವನ್ನೂ ನೋಡಿದ. ರಾತ್ರಿ ಕೋಳಿ ಸಾರು ಬಡಿಸುವಾಗ ನನ್ನ ತಟ್ಟೆಗೆ ಎರಡು ತುಂಡು ಹೆಚ್ಚು ಹಾಕಿಸಿದ. ನೆಂಟಸ್ತಿಕೆ ಅಂದುಕೊಂಡೆ.

ನಾಗಮಂಗಲ, ಶನಿವಾರ

ನಾಗಮಂಗಲದ ಕಡೆ ಬರುತ್ತಿದ್ದಂತೆ ನಾಲೆಯ ಹಸಿರು ಮುಗಿದು ಬಂಡೆ, ರಾಗಿ ಹೊಲ, ಹುಣಸೆ ಮರ ಶುರುವಾಗುತ್ತವೆ. ನಾವು ನೀರಿನ ಸೀಮೆಯವರು ಸುಮ್ಮಸುಮ್ಮನೆ ಮಾತಾಡುತ್ತೇವೆ. ಇಲ್ಲಿಯವರು ಮಾತನ್ನೂ ಅಳೆದು ಆಡುತ್ತಾರೆ. ಕೆಂಪರಾಜ ಮೂವತ್ತೈದರ ಒಣಕಲು ಮನುಷ್ಯ. ನಾವು ಇಳಿಯುತ್ತಲೇ, ಗಾಡಿ ನೋಡುವ ಮೊದಲೇ, "ಫೋರ್ಕು," ಎಂದ.

ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

ಯಜಮಾನರೂ ಅವನೂ ಶೆಡ್ಡಿನ ಹಿಂದಕ್ಕೆ ಹೋದರು. ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತು ಪುಸ್ತಕ ತೆಗೆದು ಮೂರು ದಿನದ ಟಿಪ್ಪಣಿ ಓದಿದೆ. ಮೂರು ಊರು, ಮೂವರು ಮೆಕ್ಯಾನಿಕ್ಕು, ಲೀಟರುಗಟ್ಟಲೆ ಟೀ. ಒಬ್ಬರೂ ಗಾಡಿಯ ಕೆಳಗೆ ಮಲಗಿ ನೋಡಿರಲಿಲ್ಲ. ಒಬ್ಬರ ಬೆನ್ನಿಗೂ ಮಣ್ಣು ಹತ್ತಿರಲಿಲ್ಲ. ಹೊಟ್ಟೆನೋವು ಎಂದು ಹೋದರೆ ಹೊಟ್ಟೆಯನ್ನೇ ಮುಟ್ಟದ ಡಾಕ್ಟರನ್ನು ಯಾರಾದರೂ ನಂಬುತ್ತಾರೆಯೇ?

ಒಂದು ಗೋಣಿಚೀಲ ಹಾಸಿ, ಬೆನ್ನ ಮೇಲೆ ಮಲಗಿ ಜರುಗಿಕೊಂಡು ನಾನೇ ಕೆಳಗೆ ಹೋದೆ.

ಒಳಗೆ ತಂಪಾಗಿತ್ತು. ನಡುವೆ ಗೇರಿನ ಪೆಟ್ಟಿಗೆ. ಅದರಿಂದ ಹಿಂದಿನ ಚಕ್ರಗಳ ಕಡೆಗೆ ತೋಳಿನ ಗಾತ್ರದ ಕಬ್ಬಿಣದ ಕೊಳವೆ ಹೋಗಿತ್ತು, ಬಲ ಹೊತ್ತೊಯ್ಯುವ ಶಾಫ್ಟು ಅದೇ ಎಂದು ನನಗೂ ಗೊತ್ತು. ಮುಂದಿನ ಚಕ್ರಗಳ ಕಡೆಗೂ ಅಂಥದ್ದೇ ಒಂದು ಇರಬೇಕಲ್ಲ ಎಂದು ತಲೆ ತಿರುಗಿಸಿದೆ. ಏನೂ ಇರಲಿಲ್ಲ. ಪೆಟ್ಟಿಗೆಯ ಮುಂದಿನ ಬಾಯಿಗೆ ಹಳೆಯ ಟ್ಯೂಬಿನ ತುಂಡು ಮುಚ್ಚಿ ತಂತಿಯಲ್ಲಿ ಬಿಗಿದಿತ್ತು. ಆ ತಂತಿಯ ಗಂಟು ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಸಸಿ ಚಪ್ಪರಕ್ಕೆ ಯಜಮಾನರು ಹಾಕುವ ಗಂಟೇ ಅದು.

ಹೊರಗೆ ಬರುವ ಹೊತ್ತಿಗೆ ಇಬ್ಬರೂ ಎದುರಿಗೆ ನಿಂತಿದ್ದರು.

"ಇಂದ್ಕೋಗೋ ಶಾಫ್ಟ್ ಐತೆ. ಮುಂದ್ಕೋಗೋದು ಎಲ್ಲಿ?" ಎಂದೆ.

ಕೆಂಪರಾಜ ಎರಡು ಹೆಜ್ಜೆ ಹಿಂದೆ ಸರಿದ. "ಅಕ್ಕೋ, ನನ್ನ ಬಯ್ಬ್ಯಾಡಿ. ಪಾಂಡವಪುರದಿಂದ್ಲೂ ಪೋನ್ ಬಂತು, ಕೇಪೇಟೆಯಿಂದ್ಲೂ ಪೋನ್ ಬಂತು. ಎಂಡ್ರ ಮುಂದೆ ಗಂಡನ್ ಮಾನ ತಗೀಬ್ಯಾಡ, ಏನಾರಾ ಒಂದು ಯೋಳ್ಬುಡು ಅಂದ್ರು. ನಾನ್ ಏನ್ ಮಾಡ್ಲಿ?"

ನಾನು ಯಜಮಾನರ ಕಡೆ ತಿರುಗಿದೆ. ಈ ಸಲ ಕೆಮ್ಮು ಬರಲಿಲ್ಲ.

"ನಾನೇ ಬಿಚ್ಚಿದ್ದು ಕಣೆ. ಡೀಸಲ್ ಉಳೀತದೆ ಅಂತ. ಆವಾಗ ಎಲ್ರೂ ಬಿಚ್ತಿದ್ರು."

ಅದು ನಿಜ. ನಮ್ಮ ಕಡೆ ಆಗ ಫೋರ್ವೀಲ್ ಗಾಡಿ ತಂದ ಗಂಡಸರು ಮೊದಲು ಮಾಡುತ್ತಿದ್ದ ಕೆಲಸ ಮುಂದಿನ ಶಾಫ್ಟು ಬಿಚ್ಚಿಡುವುದು. ಎರಡನೆಯ ಕೆಲಸ ಊರೆಲ್ಲ ತಿರುಗಿ ಫೋರ್ವೀಲ್ ಎಂದು ಹೇಳಿಕೊಳ್ಳುವುದು.

"ಯಾವಾಗ?"

"ಅದ್ನಾಕ್ ವರ್ಸ ಆಯ್ತು."

"ಮತ್ತೆ ಆ ಪಟೇಲ್ರ ಟ್ರಾಕ್ಟರ್ನ ಗದ್ದೆಯಿಂದ ಎಳೆದಾಕಿದ್ದು?"

"ಅವ್ರು ತಾವೇ ಈಚ್ಗೆ ಬಂದ್ರು. ನಾನು ಅಗ್ಗ ಇಡ್ಕಂಡಿದ್ದೆ."

ಶಾಫ್ಟಿನ ಕಥೆಯೂ ಹೊರಬಿತ್ತು. ಬಿಚ್ಚಿದ ವರ್ಷವೇ ಖಲೀಲ್ ಸಾಬರು ಒಬ್ಬ ಗಿರಾಕಿಗೆಂದು ಎರಡು ದಿನಕ್ಕೆ ಕೈಬದಲು ಇಸಿದುಕೊಂಡಿದ್ದರಂತೆ. ಆ ಗಿರಾಕಿ ಕೆ.ಆರ್.ಪೇಟೆಯವನು, ತಮ್ಮಣ್ಣನ ಹತ್ತಿರ ರಿಪೇರಿಗೆ ಗಾಡಿ ಬಿಡುತ್ತಿದ್ದವನು. ಅವನು ತನ್ನ ಗಾಡಿಯನ್ನು ನಮ್ಮ ಶಾಫ್ಟಿನ ಸಮೇತ ನಾಗಮಂಗಲದ ಕಲ್ಲು ಸಾಗಿಸುವವರಿಗೆ ಮಾರಿದ. ಆ ಗಾಡಿ ಸತ್ತು ಈಗ ಕೆಂಪರಾಜನ ಶೆಡ್ಡಿನಲ್ಲಿ ಬಿದ್ದಿದೆ. ಅಂದರೆ ಈ ಮೂರು ದಿನ ಇವರೆಲ್ಲ ನನಗೆ ರೋಗದ ಹೆಸರು ಹೇಳುತ್ತ, ಒಳಗೊಳಗೇ ಆ ಶಾಫ್ಟು ಎಲ್ಲಿದೆ ಎಂದು ಹುಡುಕುತ್ತಿದ್ದರು. ನನಗಿಂತ ಮೊದಲು ನಮ್ಮ ಗಾಡಿಯ ಶಾಫ್ಟು ಪ್ರವಾಸ ಮಾಡಿ ಮುಗಿಸಿತ್ತು.

ನನಗೆ ನಗು ಬರಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ. ಮೂರು ತಾಲ್ಲೂಕಿನ ಗಂಡಸರಿಗೆ ಗೊತ್ತಿದ್ದದ್ದು, ಆ ಗಾಡಿಯಲ್ಲಿ ಇವರ ಪಕ್ಕದಲ್ಲಿ ಹದಿನಾಲ್ಕು ವರ್ಷ ಕೂತ ನನಗೊಬ್ಬಳಿಗೆ ಗೊತ್ತಿರಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಟೈರಿನ ಮೇಲೆ ಕೂತು ಚೆನ್ನಾಗಿ ಅತ್ತೆ. ಗ್ರೀಸು ಹತ್ತಿದ ಕೈಯಲ್ಲೇ ಕಣ್ಣು ಒರೆಸಿಕೊಂಡದ್ದರಿಂದ ಮುಖವೆಲ್ಲ ಕಪ್ಪಾಯಿತು.

ಕೆಂಪರಾಜ ಶೆಡ್ಡಿನಿಂದ ಶಾಫ್ಟು ತಂದು ನನ್ನ ಮುಂದೆ ಇಟ್ಟ. ಶಾಫ್ಟು ಗಟ್ಟಿಯಾಗಿತ್ತು, ಅದರ ತುದಿಯ ಕ್ರಾಸು, ಅಂದರೆ ಪೆಟ್ಟಿಗೆಗೆ ಕೂಡಿಸುವ ಕೀಲು, ಮಾತ್ರ ತುಕ್ಕು ತಿಂದು ಮುಗಿದಿತ್ತು. ಹೊಸ ಕ್ರಾಸು ತರಿಸಬೇಕು, ಸೋಮವಾರ ಮಧ್ಯಾಹ್ನದವರೆಗೆ ಆಗುವುದಿಲ್ಲ ಎಂದ. ಮಹೇಶ ಹೊರಡುವುದು ಭಾನುವಾರ ಎಂಟಕ್ಕೆ.

ಬೆಳ್ಳೂರು, ಭಾನುವಾರ

ರಾತ್ರಿಯಿಂದ ನಾನು ಇವರ ಜೊತೆ ಮಾತು ಬಿಟ್ಟಿದ್ದೆ. ಬೆಳ್ಳೂರು ಕ್ರಾಸಿಗೆ ಬಂದರೆ ಮಹೇಶನ ಹೋಟೆಲಿನ ಮುಂದೆ ಎರಡು ಗಾಡಿ ತೊಳೆದು, ಹೂವು ಹಾಕಿ, ನಿಂಬೆಹಣ್ಣು ಇಟ್ಟು ನಿಲ್ಲಿಸಿದ್ದರು. ಮಹೇಶ, ಅವನ ಹೆಂಡತಿ, ಅವರ ಕಡೆಯ ಏಳು ಜನ ಇಡ್ಲಿ ತಿಂದು ಕೈ ತೊಳೆಯುತ್ತಿದ್ದರು. ನಮ್ಮಿಬ್ಬರನ್ನು ಸೇರಿಸಿದರೆ ಹನ್ನೊಂದು.

"ಏನಕ್ಕ, ನಾಕ್ ಚಕ್ರನೂ ಎಳೀತಾವಾ?" ಮಹೇಶ ಎಲ್ಲರ ಮುಂದೆ ಕೇಳಿದ.

ದಾರಿಯುದ್ದಕ್ಕೂ ನಾನು ಈ ಕ್ಷಣಕ್ಕೇ ಕಾದಿದ್ದೆ. ಹೇಳಬೇಕಾದ್ದನ್ನೆಲ್ಲ ಬಾಯಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೆ. ಯಜಮಾನರ ಕಡೆ ನೋಡಿದೆ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಚಪ್ಪಲಿಯಲ್ಲಿ ನೆಲ ಕೆರೆಯುತ್ತ ನಿಂತಿದ್ದರು. ನನ್ನ ಬಾಯಿಂದ ಬಂದದ್ದು ಬೇರೆ.

"ಇಲ್ಲ ಕಣೋ ಮಹೇಸ. ಪೆಟ್ಟಿಗೆ ಒಳ್ಗೆ ಫೋರ್ಕು ಸವ್ದೋಗೈತಂತೆ. ಹಳೇ ಗಾಡಿ ನೋಡು. ಮೂರ್ ಮೂರ್ ಜನ ಮೆಕ್ಯಾನಿಕ್ಕು ನೋಡುದ್ರು. ಸಾಮಾನು ನಾಳೆ ಬತ್ತದೆ. ನಿಮ್ ಬಾವ ಏನ್ ಮಾಡಕಾಯ್ತದೆ ಪಾಪ?"

ಹೇಳಿ ಮುಗಿಸಿದ ಮೇಲೆ ನನಗೇ ಆಶ್ಚರ್ಯವಾಯಿತು. ಮೂವರು ಮೆಕ್ಯಾನಿಕ್ಕುಗಳಿಗೆ ಮನಸ್ಸಿನಲ್ಲಿ ಹಾಕಿದ ಶಾಪ ಇನ್ನೂ ಆರಿರಲಿಲ್ಲ, ಅಷ್ಟರಲ್ಲಿ ನಾನೇ ನಾಲ್ಕನೆಯವಳಾಗಿದ್ದೆ.

ಮಹೇಶ ಮುಖ ಸಣ್ಣ ಮಾಡಿ, "ಅಯ್ಯೋ, ಅಂಗಾರೆ ನೀನು..." ಎನ್ನುವಷ್ಟರಲ್ಲಿ ಯಜಮಾನರು ತಲೆ ಎತ್ತಿದರು.

"ಸುಳ್ಳು ಕಣ್ಲಾ ಮಹೇಸ. ಫೋರ್ಕು ಸರಿಗೈತೆ. ಗಾಡೀಲಿ ಮುಂದಿನ ಶಾಫ್ಟೇ ಇಲ್ಲ. ಅದ್ನಾಕ್ ವರ್ಸದ ಇಂದೆ ನಾನೇ ಬಿಚ್ಚಾಕಿ, ಊರ್ಗೆಲ್ಲ ಫೋರ್ವೀಲು ಅಂತ ಯೋಳ್ಕಂಡ್ ತಿರುಗ್ದೆ. ನಿಮ್ಮಕ್ಕಂಗೆ ನೆನ್ನೆಗಂಟ ಗೊತ್ತಿರ್ಲಿಲ್ಲ. ಈಗ ನನ್ ಮಾನ ಉಳ್ಸಕೆ ಸುಳ್ ಯೋಳ್ತಾವ್ಳೆ. ಅವ್ಳ ಕೈಲಿ ಸುಳ್ ಯೋಳ್ಸ್ಬಾರ್ದು ಕಣಪ್ಪ. ತಪ್ಪು ನಂದು."

ಹೋಟೆಲಿನ ಒಳಗೆ ಇಡ್ಲಿ ತಿನ್ನುತ್ತಿದ್ದವರು ತಟ್ಟೆ ಸಮೇತ ಹೊರಗೆ ಬಂದರು. ಮದುವೆಯಾಗಿ ಮೂವತ್ತು ವರ್ಷಕ್ಕೆ 'ತಪ್ಪು ನಂದು' ಎಂಬ ಮಾತು ಇವರ ಬಾಯಲ್ಲಿ ನಾನು ಮುಚ್ಚಿದ ಬಾಗಿಲ ಹಿಂದೆಯೂ ಕೇಳಿರಲಿಲ್ಲ. ಇಲ್ಲಿ ಹೆದ್ದಾರಿಯ ಪಕ್ಕ, ಬಸ್ಸಿಗೆ ಕಾಯುವವರ ಎದುರಿಗೆ ಹೇಳಿಬಿಟ್ಟರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. 

ಮೊದಲು ನಕ್ಕದ್ದು ಮಹೇಶ. ನಕ್ಕು ನಕ್ಕು ಬೆಂಚಿನ ಮೇಲೆ ಕೂತ. "ಬಾವಾ, ಅಂಗಾರೆ ಆ ಪಟೇಲ್ರ ಟ್ರಾಕ್ಟರು?" ಎಂದ. "ಅದೂ ಸುಳ್ಳೇಯ," ಎಂದರು ಇವರು. ಆಮೇಲೆ ಎಲ್ಲರೂ ನಕ್ಕರು, ಕೊನೆಗೆ ಇವರೂ ನಕ್ಕರು.

ಆದರೆ ಷರತ್ತು ಷರತ್ತೇ. "ಅಕ್ಕ, ನಾವು ಕಾಶೀಲಿ ಎಲ್ಡ್ ದಿನ ಇರ್ತೀವಿ. ನಿಮ್ ಗಾಡಿ ನಾಕ್ ಚಕ್ರದಲ್ಲೂ ಎಳುದ್ರೆ ಸೋನೌಲಿ ಗಡೀಲಿ ಬಂದ್ ಸೇರ್ಕಳಿ. ಎಳೀಲಿಲ್ಲ ಅಂದ್ರೆ ಮನೆಗ್ ಓಗ್ಬುಡಿ. ನನ್ ಮೇಲೆ ಕ್ವಾಪ ಮಾಡ್ಕಬ್ಯಾಡ," ಎಂದು ಮಹೇಶ ಗಾಡಿ ಹತ್ತಿದ. ನಿಂಬೆಹಣ್ಣು ಜಜ್ಜಿ ಎರಡು ಗಾಡಿ ಹೊರಟವು. ನಾವು ತಿರುಗಿ ನಾಗಮಂಗಲಕ್ಕೆ ಬಂದೆವು.

ಮತ್ತೆ ನಾಗಮಂಗಲ, ಸೋಮವಾರ

ಕ್ರಾಸು ಮೂರು ಗಂಟೆಗೆ ಬಂತು. ಕೆಂಪರಾಜನ ಜೊತೆ ನಾನೂ ಕೆಳಗೆ ಮಲಗಿದೆ. ಯಜಮಾನರು ಹೊರಗೆ ಕೂತು ಕೇಳಿದ ಸ್ಪ್ಯಾನರು ಕೊಟ್ಟರು. ಅವರು ಹಾಕಿದ ತಂತಿಯ ಗಂಟನ್ನು ಕತ್ತರಿಸಿದವಳು ನಾನೇ.

ಜಾಕು ಹಾಕಿ ಚಕ್ರ ತಿರುಗಿಸಿದರೆ ಅದು ಜಪ್ಪಯ್ಯ ಎನ್ನಲಿಲ್ಲ. ಎರಡೂ ಕೈಯಲ್ಲಿ ಜೋತುಬಿದ್ದು ಎಳೆದೆ, ಊಹೂಂ. ಆಮೇಲೆ ಕೆಂಪರಾಜ ಗಿಡ್ಡ ಕೋಲು ಎಳೆದು ಗಟ್ಟಿ ನೆಲದ ಮೇಲೆ ಗಾಡಿಯನ್ನು ಪೂರ್ತಿ ಸ್ಟಿಯರಿಂಗ್ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿಸಿದ. ಗಾಡಿ ಮುಕ್ಕರಿಯುತ್ತ, ಚಕ್ರ ಉಜ್ಜುತ್ತ ಹೋಯಿತು. ನಾನು ಗಾಬರಿಯಾದೆ. "ಇಂಗ್ ಉಜ್ಜುದ್ರೇನೇ ಸರಿ ಕಣಕ್ಕ, ನಾಕೂ ಇಡ್ಕಂಡವೆ ಅಂತ. ಗಟ್ಟಿ ನೆಲ್ದಲ್ಲಿ ಇದ್ನ ಆಕಂಡ್ ಓಡ್ಸ್ಬ್ಯಾಡಿ. ಕೆಸ್ರು, ಮಳ್ಳು, ಕಲ್ಲಿಗೆ ಮಾತ್ರ," ಎಂದ. ನನ್ನ ಬೈಗುಳದ ಭಯವಿಲ್ಲದೆ ಆ ನಾಗಮಂಗಲದವನು ಆಡಿದ ಉದ್ದದ ಮಾತು ಅದೊಂದೇ.

ಗಡಿಯವರೆಗಿನ ದಾರಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂದು ಮಾತ್ರ ಹೇಳಬೇಕು. ಹದಿನಾಲ್ಕು ವರ್ಷ ಬಾಯಿ ಬಿಡದ ಮನುಷ್ಯ ಒಮ್ಮೆ ಬಿಟ್ಟ ಮೇಲೆ ಮುಚ್ಚಲೇ ಇಲ್ಲ. ನಾಗಪುರದ ಡಾಬಾದವನಿಗೆ ಹರುಕು ಹಿಂದಿಯಲ್ಲಿ ಶಾಫ್ಟಿನ ಕಥೆ ಹೇಳಿದರು. ಜಬಲ್ಪುರದಲ್ಲಿ ಪಂಚರು ಹಾಕುವವನಿಗೆ ಕೈಸನ್ನೆಯಲ್ಲಿ ಹೇಳಿದರು. ಸೋನೌಲಿಯಲ್ಲಿ ಮಹೇಶನ ಗಾಡಿ ಕಂಡಾಗ ನಾನು ಕುಣಿದಾಡುತ್ತಿದ್ದರೆ, ಇವರು ಪರ್ಮಿಟ್ಟಿನ ಸಾಲಿನಲ್ಲಿ ನಿಂತ ಪಂಜಾಬಿ ಲಾರಿಯವನಿಗೆ ಅದನ್ನೇ ವರ್ಣಿಸುತ್ತಿದ್ದರು. "ಸಾಕು ಬುಡ್ರೀ, ಮಾನ ಓಯ್ತದೆ," ಎಂದು ನಾನೇ ಬಾಯಿ ಮುಚ್ಚಿಸಬೇಕಾಯಿತು.

ಮುಕ್ತಿನಾಥದ ದಾರಿ

ಕಾಳಿಗಂಡಕಿ ನದಿಯ ಕಣಿವೆಯಲ್ಲಿ ಮರವಿಲ್ಲ, ಬರೀ ಕಲ್ಲು ಮತ್ತು ಗಾಳಿ. ಆ ಗಾಳಿಗೆ ನನ್ನ ಸೆರಗು ಒಮ್ಮೆಯೂ ನನ್ನ ಮೈಮೇಲೆ ನಿಲ್ಲಲಿಲ್ಲ. ಅಲ್ಲಿಯ ಹೆಂಗಸರು ದಪ್ಪ ಬಟ್ಟೆ ಸುತ್ತಿಕೊಂಡು, ನನ್ನನ್ನು ನೋಡಿ ನಗುತ್ತ ತಮ್ಮದೊಂದು ಪಿನ್ನು ತೆಗೆದುಕೊಟ್ಟರು.

ಒಂದು ಕಡೆ ರಸ್ತೆಯ ಮೇಲೇ ಹಳ್ಳ ಹರಿಯುತ್ತಿತ್ತು. ಮಂಜು ಕರಗಿದ ನೀರು, ಒಳಗೆ ಕುಂಬಳಕಾಯಿ ಗಾತ್ರದ ಕಲ್ಲುಗಳು. ಮಹೇಶನ ಗಾಡಿಗಳೆರಡೂ ದಾಟಿ ಆಚೆ ನಿಂತವು. ಒಂದು ಬಸ್ಸಿನ ಜನ ಇಳಿದು ದಡದಲ್ಲಿ ಕೂತು ನಮ್ಮ ಸರದಿ ನೋಡುತ್ತಿದ್ದರು.

ಯಜಮಾನರು ಗಾಡಿ ನಿಲ್ಲಿಸಿದರು. ಗಿಡ್ಡ ಕೋಲಿನ ಮೇಲೆ ಕೈ ಇಟ್ಟು, ತೆಗೆದು, ಮತ್ತೆ ಇಟ್ಟರು.

"ನಂಗೆ ಬರಾಕಿಲ್ಲ ಕಣೆ. ನಾನು ಇದ್ನ ನಿಜ್ವಾಗ್ಲೂ ಯಾವತ್ತೂ ಓಡ್ಸಿಲ್ಲ," ಎಂದರು.

ಹೌದಲ್ಲ! ನನಗೆ ಹೊಳೆದೇ ಇರಲಿಲ್ಲ.

"ನಂಗೂ ಬರಾಕಿಲ್ಲ," ಎಂದೆ. "ಈಚೆ ಬನ್ನಿ."

ಜಾಗ ಬದಲಾಯಿಸಿಕೊಂಡೆವು. ಕೋಲು ಎಳೆದೆ. ನೀರಿಗಿಳಿಸಿದೆ. ಹಿಂದಿನ ಚಕ್ರ ಒಂದು ಕಲ್ಲಿನ ಮೇಲೆ ಜಾರಿತು, ಗಾಡಿ ಒಂದು ಕ್ಷಣ ನಿಂತಿತು, ನನ್ನ ಜೀವವೂ ನಿಂತಿತು. ಆಗ ಮುಂದಿನ ಚಕ್ರಗಳು ಕಲ್ಲನ್ನು ಕಚ್ಚಿ ಎಳೆದವು. ಆ ಎಳೆತ ಸ್ಟಿಯರಿಂಗಿನಿಂದ ನನ್ನ ಎರಡೂ ಅಂಗೈಗೆ ಬಂತು. ಯಜಮಾನರು ಬಾಗಿಲ ಹಿಡಿ ಹಿಡಿದುಕೊಂಡು, "ಎಳೀತಾ ಐತೆ! ಲೇ, ಎಳೀತಾ ಐತೆ ಕಣೆ!" ಎಂದು ಕಿರುಚಿದರು. ದಡ ಹತ್ತಿದಾಗ ಬಸ್ಸಿನ ಜನ ಚಪ್ಪಾಳೆ ತಟ್ಟಿದರು. ಇವರ ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಇನ್ನೊಂದ್ ಸಲ?" ಎಂದರು, ಮೆಲ್ಲಗೆ.

"ಅಕ್ಕೋ, ಮುಕ್ತಿನಾಥ ಈ ಕಡೆ! ಎಲ್ಗ್ ಓಯ್ತಿದೀಯೆ?" ಎಂದು ಮಹೇಶ ಹಿಂದಿನಿಂದ ಕೂಗುತ್ತಲೇ ಇದ್ದ. ನಾನು ಗಾಡಿ ತಿರುಗಿಸಿ ಮತ್ತೆ ನೀರಿಗಿಳಿಸಿದೆ.